ಹಳೆಯ ಗೋಧಿ ತಳಿ ಕೈಗೆ ಬಂದಿದೆ, ಮುಂದೇನು?

"ಹಿರಿಯರೊಬ್ಬರಿಂದ ಒಂದು ಡಬ್ಬಿ ಹಳೆಯ ಗೋಧಿ ಸಿಕ್ಕಿದೆ. ಇದನ್ನು ಹೇಗೆ ಉಳಿಸಿಕೊಳ್ಳಲಿ?" ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. ಕೆಲವರ ಕೈಯಲ್ಲಿರುವುದು ಒಂದು ಮುಷ್ಟಿ, ಕೆಲವರ ಹತ್ತಿರ ಅರ್ಧ ಚೀಲ. ಇನ್ನು ಕೆಲವರು ಎರಡು ವರ್ಷ ಬೆಳೆದು ನೋಡಿ, "ಮೊದಲಿನ ಹಾಗಿಲ್ಲ, ಬೆರಕೆಯಾಗಿದೆ" ಅಂತ ಬೇಜಾರು ಮಾಡಿಕೊಂಡಿದ್ದಾರೆ. ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆಯುವ ಬದಲು ಎಲ್ಲವನ್ನೂ ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ.

ಶುರು ಮಾಡುವ ಮೊದಲು ಒಂದು ವಿಷಯ ಮನಸ್ಸಿನಲ್ಲಿ ಕೂತರೆ ಮುಂದಿನದೆಲ್ಲ ಸಲೀಸು. ರೈತರು ತಲೆಮಾರುಗಳಿಂದ ಬಿತ್ತಿ ಬೆಳೆದ ನಾಟಿ ತಳಿ ಒಂದು ದೊಡ್ಡ ಕುಟುಂಬ ಇದ್ದ ಹಾಗೆ. ಮುಖದಲ್ಲಿ ಹೋಲಿಕೆ ಇರುತ್ತದೆ. ಆದರೆ ಒಬ್ಬ ಕುಳ್ಳ, ಒಬ್ಬ ಉದ್ದ. ಒಬ್ಬನಿಗೆ ಬರ ತಡೆಯುವ ಶಕ್ತಿ, ಇನ್ನೊಬ್ಬನಿಗೆ ರೋಗ ತಡೆಯುವ ಶಕ್ತಿ. ಕಂಪನಿ ಬೀಜದಲ್ಲಿ ಎಲ್ಲ ಗಿಡಗಳೂ ಅಚ್ಚು ಹೊಡೆದ ಹಾಗೆ ಇರುತ್ತವೆ. ನಾಟಿ ತಳಿಯಲ್ಲಿ ಹಾಗಿರುವುದಿಲ್ಲ, ಹಾಗಿರಲೂಬಾರದು. ನೀವು ಉಳಿಸಬೇಕಾದದ್ದು ಈ ಇಡೀ ಕುಟುಂಬವನ್ನು. ಅದರಲ್ಲಿ ಚೆಂದ ಕಂಡ ಒಬ್ಬನನ್ನು ಮಾತ್ರ ಉಳಿಸಿದರೆ ತಳಿಯ ಹೆಸರು ಉಳಿಯುತ್ತದೆ, ತಳಿ ಹೋಗುತ್ತದೆ.

ಇಷ್ಟು ಒದ್ದಾಟ ಯಾಕೆ ಅಂತ ಕೇಳುವವರಿಗೆ ಒಂದೇ ಉದಾಹರಣೆ ಸಾಕು. 1948ರಲ್ಲಿ ಅಮೆರಿಕದ ಸಸ್ಯವಿಜ್ಞಾನಿ ಜ್ಯಾಕ್ ಹಾರ್ಲನ್ ಪೂರ್ವ ಟರ್ಕಿಯಿಂದ ಒಂದು ಗೋಧಿಯ ಮಾದರಿ ತಂದರು. ಸಣಕಲು ಕಾಂಡ, ಉದ್ದಕ್ಕೆ ಬೆಳೆದು ಒರಗುವ ಗುಣ, ಬ್ರೆಡ್ಡಿಗೂ ಅಷ್ಟಕ್ಕಷ್ಟೆ. ಸುಮಾರು 15 ವರ್ಷ ಅದನ್ನು ಯಾರೂ ಮೂಸಿ ನೋಡಲಿಲ್ಲ. ಆಮೇಲೆ ಅಮೆರಿಕದ ವಾಯವ್ಯ ಭಾಗದಲ್ಲಿ ಹಳದಿ ತುಕ್ಕು ರೋಗ ಜೋರಾಯಿತು. ಎಲೆಯ ಮೇಲೆ ಅರಿಶಿನದಂಥ ಪುಡಿ ಏಳುವ ಶಿಲೀಂಧ್ರ ರೋಗ ಇದು. ಭಂಡಾರ ರೋಗ ಅಂತಲೂ ಕರೆಯುತ್ತಾರೆ. ಆಗ ಹುಡುಕಿದರೆ, ಈ ಸಣಕಲು ಗೋಧಿ ಹಳದಿ ತುಕ್ಕನ್ನೂ ಇನ್ನೂ ಕೆಲವು ರೋಗಗಳನ್ನೂ ತಡೆಯುತ್ತಿತ್ತು. ನೋಡಿದ ತಕ್ಷಣ "ಕೆಲಸಕ್ಕೆ ಬಾರದ್ದು" ಅನ್ನಿಸುವ ಗಿಡದೊಳಗೆ ಏನಿದೆಯೋ ಯಾರಿಗೆ ಗೊತ್ತು, ಅಲ್ವಾ?

ಇಂಥದ್ದು ಇದೊಂದೇ ಅಲ್ಲ. 1920 ಮತ್ತು 30ರ ದಶಕದಲ್ಲಿ ಇಂಗ್ಲೆಂಡಿನ ಎ. ಇ. ವಾಟ್ಕಿನ್ಸ್ ಅವರು 32 ದೇಶಗಳಿಂದ ಕೂಡಿಸಿದ 827 ನಾಟಿ ಗೋಧಿಗಳ ಸಂಗ್ರಹ ಇವತ್ತಿಗೂ ಇದೆ. ಅದರ ವಂಶವಾಹಿಗಳನ್ನು ಓದಿ 2024ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಏಳು ಪೂರ್ವಜ ಗುಂಪುಗಳು ಕಂಡವು. ಇವತ್ತಿನ ಆಧುನಿಕ ಗೋಧಿ ಬಂದಿರುವುದು ಅದರಲ್ಲಿ ಎರಡೇ ಗುಂಪುಗಳಿಂದ.

ಬೇಕಾಗುವ ಸಾಮಾನು

ದೊಡ್ಡ ಖರ್ಚೇನಿಲ್ಲ. ಒಂದು ನೋಟ್‌ಬುಕ್, ಪೆನ್ಸಿಲ್ (ಪೆನ್ನಿನ ಶಾಯಿ ಮಳೆಗೆ ಹರಡುತ್ತದೆ), ಬಣ್ಣದ ದಾರ, ಕಾಗದದ ಲಕೋಟೆ, ಬಟ್ಟೆ ಚೀಲ, ಗ್ರಾಂ ತೂಗುವ ತಕ್ಕಡಿ, ಗಟ್ಟಿ ಮುಚ್ಚಳದ ಗಾಜಿನ ಬಾಟಲಿ, ಒಂದಿಷ್ಟು ಸಿಲಿಕಾ ಜೆಲ್. ಸಿಲಿಕಾ ಜೆಲ್ ಅಂದರೆ ಗಾಳಿಯ ತೇವ ಹೀರುವ ಸಣ್ಣ ಹರಳು. ಹೊಸ ಬ್ಯಾಗು, ಚಪ್ಪಲಿ ಡಬ್ಬಿಯೊಳಗೆ ಪುಟ್ಟ ಪೊಟ್ಟಣದಲ್ಲಿ ಬರುತ್ತದಲ್ಲ, ಅದೇ. ಇನ್ನು ಜಾಗ. 10 ಚದರ ಮೀಟರ್ ಇದ್ದರೂ ಶುರು ಮಾಡಬಹುದು.

1. ಸಿಕ್ಕಿದ್ದು ಏನು ಅಂತ ಮೊದಲು ಬರೆದಿಡಿ

ಬೀಜ ಕೈಗೆ ಬಂದ ದಿನವೇ ಬರೆಯಿರಿ. ಯಾರು ಕೊಟ್ಟರು, ಯಾವ ಊರು, ಅವರಿಗೆ ಎಲ್ಲಿಂದ ಬಂತು, ಎಷ್ಟು ವರ್ಷದಿಂದ ಬೆಳೆಯುತ್ತಿದ್ದಾರೆ, ಯಾವ ಮಣ್ಣು, ನೀರಾವರಿಯೋ ಮಳೆಯಾಶ್ರಯವೋ, ಯಾವ ತಿಂಗಳು ಬಿತ್ತುತ್ತಾರೆ, ಯಾವ ಅಡುಗೆಗೆ ಚೆನ್ನ. ಬೀಜ ಆಮೇಲೂ ಸಿಗಬಹುದು. ಕೊಟ್ಟವರ ನೆನಪು ಮತ್ತೆ ಸಿಗುವುದಿಲ್ಲ.

ಹೆಸರನ್ನು ನಂಬಿ ಕೂರಬೇಡಿ. ಒಂದೇ ತಳಿಗೆ ನಾಲ್ಕು ಹೆಸರು, ನಾಲ್ಕು ತಳಿಗೆ ಒಂದೇ ಹೆಸರು ಇರುವುದು ಮಾಮೂಲು. ಕನ್ನಡದಲ್ಲೇ ನೋಡಿ. "ಜವೆ ಗೋಧಿ" ಅಂದರೆ ಕೆಲವರಿಗೆ ಖಪ್ಲಿ, ಇನ್ನು ಕೆಲವರಿಗೆ ಬಾರ್ಲಿ! ಆದ್ದರಿಂದ ಹೆಸರಿನ ಜೊತೆ ಇದು ಯಾವ ಬಗೆಯ ಗೋಧಿ ಅನ್ನುವುದನ್ನೂ ಬರೆಯಿರಿ. ಮುಖ್ಯವಾಗಿ ನೋಡಬೇಕಾದದ್ದು ಒಂದೇ: ಬಡಿದಾಗ ಕಾಳು ಬರಿಗಾಳಾಗಿ ಉದುರುತ್ತದೋ, ಹೊಟ್ಟಿನೊಳಗೇ ಉಳಿಯುತ್ತದೋ?

ಬ್ರೆಡ್ ಗೋಧಿ ಮತ್ತು ಡ್ಯೂರಮ್ ಬರಿಗಾಳಾಗಿ ಉದುರುತ್ತವೆ. ಡ್ಯೂರಮ್ ಅಂದರೆ ರವೆ, ಶಾವಿಗೆಗೆ ಬಳಸುವ ಗಟ್ಟಿ ಗೋಧಿ. ಎಮ್ಮರ್, ಅಂದರೆ ಖಪ್ಲಿ, ಮತ್ತು ಐನ್‌ಕಾರ್ನ್ ಅನ್ನುವ ಇನ್ನೂ ಹಳೆಯ ಗೋಧಿ ಹೊಟ್ಟಿನೊಳಗೇ ಉಳಿಯುತ್ತವೆ. ಇವು ಒಳಗಿನ ರಚನೆಯಲ್ಲೂ ಬೇರೆ. ಬ್ರೆಡ್ ಗೋಧಿಯಲ್ಲಿ 42 ಕ್ರೋಮೊಸೋಮು (ವಂಶವಾಹಿಗಳನ್ನು ಹೊತ್ತ ಎಳೆ), ಡ್ಯೂರಮ್ ಮತ್ತು ಎಮ್ಮರ್‌ನಲ್ಲಿ 28, ಐನ್‌ಕಾರ್ನ್‌ನಲ್ಲಿ 14. ನಿಮಗೆ ಈ ಲೆಕ್ಕ ಬೇಕಾಗದೇ ಇರಬಹುದು. ಆದರೆ ಡಬ್ಬಿಯಲ್ಲಿ ಎರಡು ಬಗೆಯ ಗೋಧಿ ಸೇರಿದ್ದರೆ ಮೊದಲೇ ಬೇರ್ಪಡಿಸಬೇಕು.

ಎಚ್ಚರಿಕೆ: ಹೊಟ್ಟಿನ ಗೋಧಿಯನ್ನು ಬಿತ್ತನೆಗೆ ಸುಲಿಯಬೇಡಿ. ಸುಲಿಯುವಾಗ ಮೊಳಕೆ ಬರುವ ತುದಿಗೆ ಪೆಟ್ಟು ಬೀಳುತ್ತದೆ. ಹೊಟ್ಟಿನ ಸಮೇತ ಬಿತ್ತಿದರೆ ಆಯ್ತು. ಎಮ್ಮರ್‌ನ ಒಂದೊಂದು ಹೊಟ್ಟಿನಲ್ಲಿ ಸಾಮಾನ್ಯವಾಗಿ ಎರಡು ಕಾಳು ಇರುತ್ತವೆ ಅನ್ನುವುದನ್ನು ಮಾತ್ರ ಲೆಕ್ಕದಲ್ಲಿ ಇಟ್ಟುಕೊಳ್ಳಿ.

2. ಬೀಜಕ್ಕೆ ಜೀವ ಇದೆಯಾ ನೋಡಿ

100 ಕಾಳು ಎಣಿಸಿ. ಕಡಿಮೆ ಇದ್ದರೆ 20 ಸಾಕು. ಆರಿಸಬೇಡಿ, ಕಣ್ಣು ಮುಚ್ಚಿ ತೆಗೆಯಿರಿ. ಒದ್ದೆ ಬಟ್ಟೆಯಲ್ಲೋ ಟಿಶ್ಯೂ ಕಾಗದದಲ್ಲೋ ಸಾಲಾಗಿ ಇಟ್ಟು, ಸುರುಳಿ ಸುತ್ತಿ, ನೆರಳಿನಲ್ಲಿಡಿ. 20 ಡಿಗ್ರಿ ಆಸುಪಾಸಿನ ತಂಪು ಒಳ್ಳೆಯದು. ನಾಲ್ಕನೇ ದಿನ ಒಮ್ಮೆ, ಎಂಟನೇ ದಿನ ಒಮ್ಮೆ ಎಣಿಸಿ. ಬೇರು ಮತ್ತು ಮೊಳಕೆ ಎರಡೂ ಸರಿಯಾಗಿ ಬಂದದ್ದನ್ನು ಮಾತ್ರ ಲೆಕ್ಕಕ್ಕೆ ಹಿಡಿಯಿರಿ.

ಈಗ ತಾನೇ ಕೊಯ್ದ ಗೋಧಿ ಮೊಳೆಯದಿದ್ದರೆ ಗಾಬರಿ ಬೇಡ. ಹೊಸ ಬೀಜಕ್ಕೆ ಸ್ವಲ್ಪ ದಿನ ನಿದ್ದೆ ಇರುತ್ತದೆ. ಸುಪ್ತಾವಸ್ಥೆ ಅನ್ನುವುದು ಇದಕ್ಕೇ. ಒದ್ದೆ ಬಟ್ಟೆಯ ಸಮೇತ ಮೂರ್ನಾಲ್ಕು ದಿನ ಫ್ರಿಜ್ಜಿನಲ್ಲಿಟ್ಟು ಹೊರಗೆ ತೆಗೆದರೆ ಎದ್ದುಬಿಡುತ್ತದೆ.

100ಕ್ಕೆ 85ರ ಮೇಲೆ ಬಂದರೆ ಚಿಂತೆ ಇಲ್ಲ. 40 ಅಥವಾ 50 ಬಂದರೆ ಈ ಹಂಗಾಮಿನಲ್ಲೇ ಬಿತ್ತಿ, ತಡ ಮಾಡಬೇಡಿ. "ಅರ್ಧ ಸತ್ತರೇನು, ಉಳಿದರ್ಧ ಇದೆಯಲ್ಲ" ಅಂದುಕೊಳ್ಳುವ ಹಾಗಿಲ್ಲ. ಕುಟುಂಬದಲ್ಲಿ ಕೆಲವರು ಬೇಗ ಸಾಯುತ್ತಾರೆ, ಕೆಲವರು ಗಟ್ಟಿ. ಹಳೆಯ ಬೀಜದಲ್ಲಿ ಉಳಿಯುವುದು ಡಬ್ಬಿಯಲ್ಲಿ ಹೆಚ್ಚು ಕಾಲ ಬದುಕುವ ಗುಣ ಇರುವವರು ಮಾತ್ರ. ಬರ ತಡೆಯುವವರು ಆ ಸತ್ತವರಲ್ಲಿ ಇದ್ದಿರಬಹುದು.

3. ಬಿತ್ತನೆ: ಎಷ್ಟು, ಎಲ್ಲಿ, ಯಾವಾಗ

ಇರುವ ಬೀಜವನ್ನೆಲ್ಲ ಒಂದೇ ಸಲ ಬಿತ್ತಬೇಡಿ. ಇದು ಮೊದಲ ನಿಯಮ. ಕನಿಷ್ಠ ಮೂರನೇ ಒಂದು ಭಾಗ ತೆಗೆದಿಡಿ. ಆಲಿಕಲ್ಲು, ದನ, ಹಕ್ಕಿ, ಇಲಿ ಯಾವುದೂ ಹೇಳಿ ಕೇಳಿ ಬರುವುದಿಲ್ಲ.

ಚದರ ಮೀಟರಿಗೆ ಸುಮಾರು 10 ಗ್ರಾಂ ಲೆಕ್ಕ ಹಿಡಿಯಿರಿ. 10 ಚದರ ಮೀಟರಿಗೆ 100 ಗ್ರಾಂ. ಸಾವಿರ ಕಾಳು ಸುಮಾರು 40 ಗ್ರಾಂ ತೂಗುವ ಗೋಧಿಯಾದರೆ ಅದು ಎರಡೂವರೆ ಸಾವಿರ ಕಾಳು. ಒಂದು ತಳಿಯ ಕುಟುಂಬ ಉಳಿಸಲು ಧಾರಾಳವಾಯಿತು. ಸಾಲಿನಿಂದ ಸಾಲಿಗೆ 20ರಿಂದ 25 ಸೆಂಟಿಮೀಟರ್ ಇರಲಿ. ಸಾಲಿನಲ್ಲಿ ಬಿತ್ತಿದರೆ ಸಾಲಿನ ಆಚೆ ಹುಟ್ಟಿದ್ದೆಲ್ಲ ಹೊರಗಿನದು ಅಂತ ತಕ್ಷಣ ಗೊತ್ತಾಗುತ್ತದೆ. ಎರಚಿ ಬಿತ್ತಿದರೆ ಈ ಅನುಕೂಲ ಹೋಯಿತು.

ಕೈಯಲ್ಲಿರುವುದು 30, 40 ಕಾಳು ಮಾತ್ರವಾ? ಹಾಗಾದರೆ ಒಂದೊಂದು ಕಾಳನ್ನೂ 20 ಸೆಂಟಿಮೀಟರ್ ದೂರ ದೂರ ಊರಿ. ಜಾಗ ಸಿಕ್ಕರೆ ಗೋಧಿ ಚೆನ್ನಾಗಿ ತೆಂಡೆ ಒಡೆಯುತ್ತದೆ, ಅಂದರೆ ಒಂದೇ ಬುಡದಿಂದ ಹಲವು ಕಾಂಡ ಬರುತ್ತದೆ. ಒಂದು ಗಿಡದಿಂದ ನೂರಕ್ಕೂ ಹೆಚ್ಚು ಕಾಳು ಸಿಗುವುದು ಕಷ್ಟವೇನಲ್ಲ.

ಜಾಗ ಆರಿಸುವಾಗ ಕಳೆದ ವರ್ಷ ಗೋಧಿ ಅಥವಾ ಬಾರ್ಲಿ ಇದ್ದ ನೆಲ ಬೇಡ. ಉದುರಿದ ಕಾಳು ತಾನಾಗಿ ಹುಟ್ಟಿ ನಿಮ್ಮ ತಳಿಯ ಜೊತೆ ಸೇರಿಕೊಳ್ಳುತ್ತದೆ. ಹಸಿ ಸಗಣಿ ಗೊಬ್ಬರದಲ್ಲೂ ಕಾಳು ಬರಬಹುದು, ಚೆನ್ನಾಗಿ ಕೊಳೆತದ್ದನ್ನೇ ಹಾಕಿ. ಅದನ್ನೂ ಹಿತಮಿತವಾಗಿ ಹಾಕಿ. ಹಳೆಯ ಗೋಧಿಗಳು ಉದ್ದ. 1960ರ ದಶಕದಿಂದ ಹರಡಿದ ಗಿಡ್ಡ ತಳಿಗಳು ಜಾಸ್ತಿ ಗೊಬ್ಬರ, ಜಾಸ್ತಿ ನೀರು ತಡೆಯಲೆಂದೇ ರೂಪಿಸಿದಂಥವು. ಅದೇ ಲೆಕ್ಕದಲ್ಲಿ ನಾಟಿ ಗೋಧಿಗೆ ಯೂರಿಯಾ ಸುರಿದರೆ ತೆನೆ ತುಂಬುವ ಹೊತ್ತಿಗೆ ಇಡೀ ಮಡಿ ನೆಲಕ್ಕೆ ಮಲಗುತ್ತದೆ. ಆಮೇಲೆ "ನಾಟಿ ತಳಿ ಪ್ರಯೋಜನವಿಲ್ಲ" ಅಂತ ತಳಿಯನ್ನು ಬೈಯುತ್ತಾರೆ!

ಬೇರೆ ಊರು, ಬೇರೆ ದೇಶದ ಬೀಜವಾದರೆ ಇನ್ನೊಂದು ಪ್ರಶ್ನೆ ಕೇಳಿ: ಇದು ಚಳಿಗಾಲದ ಬಗೆಯೋ, ವಸಂತದ ಬಗೆಯೋ? ಚಳಿಗಾಲದ ಗೋಧಿಗೆ ಎಳೆಯ ಗಿಡವಾಗಿದ್ದಾಗ ಹಲವು ವಾರ ಕೊರೆಯುವ ತಂಪು ಬೇಕು. ಅದು ಸಿಗದಿದ್ದರೆ ಹುಲ್ಲಿನ ಹಾಗೆ ಬೆಳೆಯುತ್ತಲೇ ಇರುತ್ತದೆ, ತೆನೆ ಬರುವುದೇ ಇಲ್ಲ.

4. ಪಕ್ಕದ ಗೋಧಿಯಿಂದ ಎಷ್ಟು ದೂರ?

ಜನ ಜಾಸ್ತಿ ಹೆದರುವುದು ಇದಕ್ಕೇ. ಹೆದರಬೇಕಾದಷ್ಟಿಲ್ಲ. ಗೋಧಿಯ ಹೂವಿನಲ್ಲಿ ಗಂಡು ಹೆಣ್ಣು ಭಾಗ ಎರಡೂ ಒಟ್ಟಿಗೆ ಇರುತ್ತವೆ. ಹೂವು ಪೂರ್ತಿ ತೆರೆಯುವ ಮೊದಲೇ ಬಹುಪಾಲು ಪರಾಗಸ್ಪರ್ಶ ಒಳಗೊಳಗೇ ಮುಗಿದಿರುತ್ತದೆ. ಪಕ್ಕದ ಗಿಡದ ಜೊತೆ ಕೂಡುವುದು ನೂರಕ್ಕೆ ಒಂದೆರಡು ಅಷ್ಟೆ. ಎರಡು ತಳಿಗಳ ನಡುವೆ 3 ಮೀಟರ್ ಬಿಟ್ಟರೆ ಸಾಮಾನ್ಯವಾಗಿ ಸಾಕು. ಆ ಜಾಗದಲ್ಲಿ ಕಡಲೆಯನ್ನೋ ಸಾಸಿವೆಯನ್ನೋ ಹಾಕಿ, ನೆಲ ವ್ಯರ್ಥವಾಗುವುದಿಲ್ಲ.

ಬೆರಕೆಗೆ ನಿಜವಾದ ಕಾರಣ ಚೀಲ, ಕಣ ಮತ್ತು ಯಂತ್ರ. ಆ ವಿಷಯ ಕಟಾವಿನ ಹಂತದಲ್ಲಿ ಬರುತ್ತದೆ.

5. ಬೆಳೆ ನಿಂತಾಗ: ಯಾವುದನ್ನು ಕೀಳಬೇಕು, ಯಾವುದನ್ನು ಬಿಡಬೇಕು

ತಪ್ಪುಗಳು ಹೆಚ್ಚು ಆಗುವುದು ಇಲ್ಲಿ. ಆಧುನಿಕ ಬೀಜೋತ್ಪಾದನೆ ಮಾಡಿ ಅಭ್ಯಾಸ ಇದ್ದವರ ಕಣ್ಣಿಗೆ ಎತ್ತರ ಬೇರೆ ಇರುವ ಗಿಡವೆಲ್ಲ ಬೆರಕೆ. ಹೊಲಕ್ಕಿಳಿದು ಕಿತ್ತು ಕಿತ್ತು ಮಡಿಯನ್ನು ಮಟ್ಟ ಮಾಡುತ್ತಾರೆ. ನಾನೂ ಮೊದಲ ವರ್ಷ ಹಾಗೇ ಮಾಡಿದೆ. ಕೆಂಪು ಹೊಟ್ಟಿನ ತೆನೆಗಳನ್ನೆಲ್ಲ ಕಿತ್ತೆ. ಬೀಜ ಕೊಟ್ಟ ಹಿರಿಯರು ನೋಡಿ, "ಅದು ಮೊದಲಿಂದಲೂ ಅದರ ಜೊತೆಗೇ ಇರೋದು" ಅಂದರು. ಪುಣ್ಯಕ್ಕೆ ತೆಗೆದಿಟ್ಟ ಬೀಜ ಇತ್ತು.

ಹಾಗಾಗಿ ಮೊದಲ ವರ್ಷ ಎರಡನ್ನು ಬಿಟ್ಟು ಏನನ್ನೂ ಕೀಳಬೇಡಿ. ಒಂದು, ಬೇರೆ ಬೆಳೆ ಮತ್ತು ಕಳೆ: ಬಾರ್ಲಿ, ಓಟ್ಸ್, ಕಾಡು ಓಟ್ಸ್. ಎರಡು, ಬೀಜದಿಂದ ಹರಡುವ ರೋಗ ಬಂದ ಗಿಡ. ಉಳಿದಂತೆ ಅನುಮಾನ ಬಂದ ಗಿಡಕ್ಕೆ ಬಣ್ಣದ ದಾರ ಕಟ್ಟಿ, ನೋಟ್‌ಬುಕ್ಕಿನಲ್ಲಿ ಬರೆಯಿರಿ. ಮೀಸೆ ಇದೆಯೋ ಇಲ್ಲವೋ (ತೆನೆಯ ತುದಿಯಿಂದ ಹೊರಡುವ ಉದ್ದ ಮುಳ್ಳಿಗೆ ಮೀಸೆ ಅನ್ನುತ್ತಿದ್ದೇನೆ), ಹೊಟ್ಟು ಬಿಳಿಯೋ ಕೆಂಪೋ ಕಪ್ಪೋ, ಹೊಟ್ಟಿನ ಮೇಲೆ ರೋಮ ಇದೆಯೋ, ಎತ್ತರ ಎಷ್ಟು, ತೆನೆ ಯಾವ ದಿನ ಹೊರಗೆ ಬಂತು, ಕಾಳಿನ ಬಣ್ಣ. ಮೊಬೈಲಿನಲ್ಲಿ ಫೋಟೋ ತೆಗೆದಿಡಿ. ಹಿಂದೆ ಆ ತಳಿ ಬೆಳೆದವರಿಗೆ ತೋರಿಸಿ ಕೇಳಿ. ಇಡೀ ಉದ್ದ ಗೋಧಿಯ ನಡುವೆ ಮೊಣಕಾಲೆತ್ತರದ ಗಿಡ್ಡ ಗಿಡ, ಅದೂ ಸಾಲಿನ ಆಚೆ ಬಂದಿದ್ದರೆ, ಅದು ಬಹುಶಃ ಈಗಿನ ಗಿಡ್ಡ ತಳಿ. ಮೇಲಿನ ಎರಡರ ಜೊತೆ ಅದೊಂದನ್ನು ಮಾತ್ರ ತೆಗೆಯಬಹುದು.

ರೋಗದ ವಿಷಯಕ್ಕೆ ಬಂದರೆ, ಎರಡನ್ನು ಗುರುತಿಸಲೇಬೇಕು.

ಮೊದಲನೆಯದು ತೆನೆ ಕಾಡಿಗೆ. ತೆನೆ ಹೊರಗೆ ಬರುವಾಗಲೇ ಕಾಳಿನ ಜಾಗದಲ್ಲಿ ಕಪ್ಪು ಪುಡಿ ಇರುತ್ತದೆ. ಗಾಳಿಗೆ ಆ ಪುಡಿ ಹಾರಿ ಪಕ್ಕದ ಹೂವಿಗೆ ಸೇರುತ್ತದೆ, ಕಾಳಿನ ಒಳಗೇ ಹೋಗಿ ಕೂರುತ್ತದೆ. ಆ ಕಾಳು ನೋಡಲು ಚೆನ್ನಾಗಿಯೇ ಇರುತ್ತದೆ. ಮುಂದಿನ ವರ್ಷ ಬಿತ್ತಿದಾಗ ಮತ್ತೆ ಕಪ್ಪು ತೆನೆ. ರೋಗ ಒಳಗಿರುವುದರಿಂದ ಬೀಜ ತೊಳೆದರೆ ಹೋಗುವುದಿಲ್ಲ. ಬೆಳಗಿನ ಇಬ್ಬನಿ ಇರುವಾಗ, ಕಪ್ಪು ತೆನೆಗೆ ಮೊದಲು ಕಾಗದದ ಚೀಲ ತೊಡಿಸಿ, ಆಮೇಲೆ ಕತ್ತರಿಸಿ ಸುಟ್ಟುಬಿಡಿ. ಸುಮ್ನೆ ಕಿತ್ತು ಕೊಡವಿದರೆ ನೀವೇ ರೋಗ ಹರಡಿದ ಹಾಗೆ. ಬಿರು ಬೇಸಿಗೆ ಇರುವ ಕಡೆ ಇನ್ನೊಂದು ಉಪಾಯ ಇದೆ. ಬೀಜವನ್ನು ಬೆಳಿಗ್ಗೆ ನಾಲ್ಕು ತಾಸು ನೀರಿನಲ್ಲಿ ನೆನೆಸಿ, ಮಧ್ಯಾಹ್ನದ ಉರಿಬಿಸಿಲಿಗೆ ತೆಳ್ಳಗೆ ಹರಡಿ ಪೂರ್ತಿ ಒಣಗಿಸುವುದು. ನೆನೆದಾಗ ಒಳಗಿನ ಶಿಲೀಂಧ್ರ ಎಚ್ಚರಗೊಳ್ಳುತ್ತದೆ, ಬಿಸಿಲು ಅದನ್ನು ಕೊಲ್ಲುತ್ತದೆ. ಮೊದಲು ಸ್ವಲ್ಪ ಬೀಜದಲ್ಲಿ ಮಾಡಿ, ಮೊಳಕೆ ನೋಡಿ, ಆಮೇಲೆ ಉಳಿದದ್ದಕ್ಕೆ ಕೈ ಹಾಕಿ.

ಎರಡನೆಯದು ನಾರುವ ಕಾಡಿಗೆ. ಇದು ಕಳ್ಳ ರೋಗ. ತೆನೆ ಹೆಚ್ಚು ಕಡಿಮೆ ಸರಿಯಾಗೇ ಕಾಣುತ್ತದೆ. ಬಡಿದಾಗ ಕಾಳು ಒಡೆದು ಕಪ್ಪು ಪುಡಿ ಬರುತ್ತದೆ, ಕೊಳೆತ ಮೀನಿನ ವಾಸನೆ. ಆ ರಾಶಿಯಿಂದ ಬೀಜ ಇಡಬೇಡಿ, ಯಾರಿಗೂ ಕೊಡಬೇಡಿ. ತೆಗೆದಿಟ್ಟ ಬೀಜಕ್ಕೆ ಹಿಂತಿರುಗಿ.

6. ಬೀಜದ ತೆನೆ ಆರಿಸುವುದು

"ದೊಡ್ಡ ದೊಡ್ಡ ತೆನೆ ನೋಡಿ ಆರಿಸಿ" ಅನ್ನುವ ಸಲಹೆ ಎಲ್ಲ ಕಡೆ ಸಿಗುತ್ತದೆ. ಇಳುವರಿ ಹೆಚ್ಚಿಸಬೇಕು ಅನ್ನುವವರಿಗೆ ಅದು ಸರಿ. ತಳಿ ಉಳಿಸುವವರಿಗೆ ಸರಿಯಲ್ಲ. ಪ್ರತಿ ವರ್ಷ ದಪ್ಪ ತೆನೆಯನ್ನೇ ಆರಿಸಿದರೆ, ಹತ್ತು ವರ್ಷದಲ್ಲಿ ನಿಮ್ಮ ಹೊಲದ ಒಳ್ಳೆಯ ಮಣ್ಣಿಗೆ ಒಗ್ಗಿದ ಒಂದೆರಡು ಬಗೆ ಮಾತ್ರ ಉಳಿಯುತ್ತವೆ.

ಉಳಿಸುವುದಕ್ಕಾದರೆ ಹೀಗೆ ಮಾಡಿ. ಮಡಿಯ ಅಂಚಿನ ಸಾಲು ಬಿಟ್ಟು, ಮೂಲೆಯಿಂದ ಮೂಲೆಗೆ ಅಡ್ಡಾದಿಡ್ಡಿ ನಡೆಯಿರಿ. ನಾಲ್ಕೈದು ಹೆಜ್ಜೆಗೊಮ್ಮೆ ನಿಂತು ಕೈಗೆ ಸಿಕ್ಕ ಗಿಡದ ಒಂದು ತೆನೆ ಕತ್ತರಿಸಿ. ಮಡಿ ಚಿಕ್ಕದಾದರೆ ಸಾಲಿಗಿಷ್ಟು ಅಂತ ಹಂಚಿಕೊಳ್ಳಿ. ಒಂದು ಗಿಡಕ್ಕೆ ಒಂದೇ ತೆನೆ. ಒಟ್ಟು 100 ತೆನೆ ಕೂಡಿಸಿ.

ನೂರೇ ಯಾಕೆ? ಸಣ್ಣ ಲೆಕ್ಕ. ಒಂದು ಗುಣ ನೂರು ಗಿಡಕ್ಕೆ ಐದರಲ್ಲಿ ಮಾತ್ರ ಇದೆ ಅಂದುಕೊಳ್ಳಿ. ಅದು ನಿಮ್ಮ ಬೀಜದಲ್ಲಿ ಒಮ್ಮೆಯಾದರೂ ಬರುವ ಸಾಧ್ಯತೆ 95 ಪ್ರತಿಶತ ಇರಬೇಕು ಅಂದರೆ ಕನಿಷ್ಠ 59 ಗಿಡಗಳ ತೆನೆ ಬೇಕು. 20 ತೆನೆ ಮಾತ್ರ ತೆಗೆದರೆ ಆ ಸಾಧ್ಯತೆ 64 ಪ್ರತಿಶತಕ್ಕೆ ಇಳಿಯುತ್ತದೆ. ವರ್ಷಾ ವರ್ಷಾ ಹೀಗೇ ಮಾಡಿದರೆ ಅಪರೂಪದವೆಲ್ಲ ಒಂದೊಂದಾಗಿ ಜಾರಿಹೋಗುತ್ತವೆ, ನಮಗೆ ಗೊತ್ತೂ ಆಗುವುದಿಲ್ಲ. 100 ಅಂದರೆ 59ರ ಮೇಲೆ ಸ್ವಲ್ಪ ಧೈರ್ಯಕ್ಕೆ.

30, 40 ಕಾಳಿನಿಂದ ಶುರು ಮಾಡಿದವರು ಪ್ರತಿ ಗಿಡದಿಂದಲೂ ಸಮ ಸಮ ಕಾಳು ತೆಗೆದು ಸೇರಿಸಿ. ಜೋರಾಗಿ ಬೆಳೆದ ಗಿಡದ್ದು 200 ಕಾಳು, ಬಡಕಲು ಗಿಡದ್ದು 20 ಅಂತ ಸುರಿದರೆ ಎರಡೇ ವರ್ಷದಲ್ಲಿ ಜೋರಿನವನ ಸಂಸಾರವೇ ಮಡಿ ತುಂಬುತ್ತದೆ. ಒಂದೇ ತೆನೆಯಿಂದ ಶುರು ಮಾಡಿದವರಿಗೆ ನೇರ ಮಾತು: ನಿಮ್ಮ ಹತ್ತಿರ ಇರುವುದು ಕುಟುಂಬದ ಒಬ್ಬ ಸದಸ್ಯ. ಅದನ್ನು ಬಿಡಬೇಡಿ, ಆದರೆ ಅದೇ ತಳಿ ಬೆಳೆಯುವ ಇನ್ನೂ ನಾಲ್ಕು ಮನೆ ಹುಡುಕಿ.

ಇಳುವರಿಗೂ ಆರಿಸಬೇಕು ಅನ್ನಿಸಿದರೆ ಆರಿಸಿ, ತಪ್ಪೇನಿಲ್ಲ. ನಮ್ಮ ಹಿರಿಯರೂ ಆರಿಸುತ್ತಲೇ ಬಂದವರು. ಆದರೆ ಅದಕ್ಕೆ ಬೇರೆ ಮಡಿ, ಬೇರೆ ಚೀಲ, ಬೇರೆ ಹೆಸರು ಇಡಿ. ಮೂಲ ಕುಟುಂಬ ಪಕ್ಕದಲ್ಲಿ ಹಾಗೇ ಇರಲಿ.

7. ಕಟಾವು, ಬಡಿಯುವುದು

ಕಾಳು ಹಲ್ಲಿಗೆ ಕಟಕ್ ಅನ್ನುವಷ್ಟು ಗಟ್ಟಿಯಾದ ಮೇಲೆ ಕೊಯ್ಯಿರಿ. ಬೀಜದ ತೆನೆಗಳನ್ನು ಮೊದಲು ಕೊಯ್ದು, ಬೇರೆ ಇಟ್ಟು, ಕೈಯಲ್ಲೇ ಬಡಿಯಿರಿ. ದೊಡ್ಡ ಯಂತ್ರಕ್ಕೆ ಹಾಕಲೇಬೇಡಿ. ಯಂತ್ರದ ಸಂದಿಯಲ್ಲಿ ಹಿಂದಿನವರ ಗೋಧಿ ಸೇರುಗಟ್ಟಲೆ ಉಳಿದಿರುತ್ತದೆ. ಒಂದು ದಿನಕ್ಕೆ ಒಂದೇ ತಳಿ. ಕಣ, ಮೊರ, ಜರಡಿ, ಬಟ್ಟೆ ಚೀಲದ ಹೊಲಿಗೆ, ನಿಮ್ಮ ಪ್ಯಾಂಟಿನ ಮಡಿಕೆ, ಎಲ್ಲ ಕೊಡವಿ. ಚೀಲವನ್ನು ಒಳಗಿನಿಂದ ಹೊರಕ್ಕೆ ತಿರುಗಿಸಿ ನೋಡಿ.

ಜರಡಿ ಹಿಡಿಯುವಾಗ ಸಣ್ಣ ಕಾಳನ್ನೆಲ್ಲ ಎಸೆಯಬೇಡಿ. ಸಣ್ಣ ಕಾಳಿನ ಬಗೆಯೂ ಕುಟುಂಬದಲ್ಲಿ ಇರಬಹುದು. ಒಡೆದದ್ದು, ಜೊಳ್ಳು, ಹುಳ ತಿಂದದ್ದು ತೆಗೆದರೆ ಸಾಕು.

8. ಒಣಗಿಸುವುದು ಮತ್ತು ಇಡುವುದು

ಬೀಜವನ್ನು ಕೊಲ್ಲುವುದು ತೇವ ಮತ್ತು ಬಿಸಿ. ಬೀಜ ತಜ್ಞರು ಬಳಸುವ ಒಂದು ಅಂದಾಜು ಇದೆ: ಬೀಜದ ತೇವಾಂಶ 1 ಪ್ರತಿಶತ ಕಡಿಮೆಯಾದರೆ ಆಯಸ್ಸು ದುಪ್ಪಟ್ಟು. ಇಡುವ ಜಾಗದ ಉಷ್ಣತೆ 5 ಡಿಗ್ರಿ ಕಡಿಮೆಯಾದರೆ ಮತ್ತೆ ದುಪ್ಪಟ್ಟು. ಎಲ್ಲ ಮಟ್ಟಕ್ಕೂ ಇದು ಕರಾರುವಾಕ್ಕಲ್ಲ. ಆದರೂ ಫ್ರಿಜ್ಜಿಗಿಂತ ಮೊದಲು ಒಣಗಿಸುವುದಕ್ಕೆ ಯಾಕೆ ಗಮನ ಕೊಡಬೇಕು ಅಂತ ತಿಳಿಯಲು ಇಷ್ಟು ಸಾಕು.

ಬಟ್ಟೆಯ ಮೇಲೆ ತೆಳ್ಳಗೆ ಹರಡಿ, ಗಾಳಿಯಾಡುವ ನೆರಳಿನಲ್ಲಿ ಒಣಗಿಸಿ. ಕಪ್ಪು ಟಾರ್ಪಾಲು, ಕಾದ ಸಿಮೆಂಟು ನೆಲ ಬೇಡ. ಬೀಜ 40 ಡಿಗ್ರಿಗಿಂತ ಬಿಸಿಯಾಗುವುದು ಒಳ್ಳೆಯದಲ್ಲ, ಅದರಲ್ಲೂ ಕಾಳು ಇನ್ನೂ ಹಸಿಯಾಗಿದ್ದಾಗ.

ಮನೆಯಲ್ಲೇ ತೇವ ನೋಡಲು ಉಪ್ಪಿನ ಪರೀಕ್ಷೆ ಮಾಡಬಹುದು. ಒಣ ಗಾಜಿನ ಬಾಟಲಿಗೆ ಕಾಲು ಭಾಗ ಗೋಧಿ, ಎರಡು ಮೂರು ಚಮಚ ಚೆನ್ನಾಗಿ ಒಣಗಿಸಿದ ಉಪ್ಪು ಹಾಕಿ ಕುಲುಕಿ. ಹತ್ತು ಹದಿನೈದು ನಿಮಿಷ ಬಿಡಿ. ಉಪ್ಪು ಗಾಜಿಗೆ ಅಂಟಿದರೆ ತೇವಾಂಶ ಸುಮಾರು 15 ಪ್ರತಿಶತಕ್ಕಿಂತ ಮೇಲಿದೆ, ಇನ್ನೂ ಒಣಗಬೇಕು. ಅಂಟದಿದ್ದರೆ 15ರ ಕೆಳಗಿದೆ ಅಂತ ಮಾತ್ರ ಅರ್ಥ. ಪೂರ್ತಿ ಒಣಗಿದೆ ಅಂತಲ್ಲ.

ಮುಂದಿನ ಹಂಗಾಮಿಗೇ ಬಿತ್ತುವ ಬೀಜಕ್ಕೆ 12 ಪ್ರತಿಶತ ಸಾಕು. ಬಟ್ಟೆ ಅಥವಾ ಗೋಣಿ ಚೀಲದಲ್ಲಿಟ್ಟು, ನೆಲಕ್ಕೂ ಗೋಡೆಗೂ ತಾಗದ ಹಾಗೆ ಹಲಗೆಯ ಮೇಲಿಡಿ. ವರ್ಷಗಟ್ಟಲೆ ಇಡುವ ಬೀಜವನ್ನು 8 ಪ್ರತಿಶತ ಅಥವಾ ಅದಕ್ಕಿಂತ ಕೆಳಗೆ ಇಳಿಸಬೇಕು. ಅದಕ್ಕೇ ಸಿಲಿಕಾ ಜೆಲ್. ಬೀಜದ ತೂಕಕ್ಕೆ ಸಮನಾದ ಒಣ ಜೆಲ್ ಅನ್ನು ಬಟ್ಟೆಯಲ್ಲಿ ಕಟ್ಟಿ, ಬೀಜದ ಜೊತೆ ಗಟ್ಟಿ ಮುಚ್ಚಳದ ಬಾಟಲಿಯಲ್ಲಿ ಒಂದು ವಾರ ಇಡಿ. ಆಮೇಲೆ ಬೀಜವನ್ನು ತಡಮಾಡದೆ ಇನ್ನೊಂದು ಒಣ ಬಾಟಲಿಗೆ ಹಾಕಿ ಬಿಗಿಯಾಗಿ ಮುಚ್ಚಿ.

ಇಲ್ಲಿ ಮೂರು ಕಡೆ ಎಡವುತ್ತಾರೆ. ಹಸಿ ಬೀಜವನ್ನು ಗಾಳಿಯಾಡದ ಡಬ್ಬಿಗೆ ಹಾಕುವುದು ಮೊದಲನೆಯದು. ಒಳಗೇ ಬೆವೆತು, ಬೂಸ್ಟು ಹಿಡಿದು ಸಾಯುತ್ತದೆ. ಅದಕ್ಕಿಂತ ಬಟ್ಟೆ ಚೀಲವೇ ವಾಸಿ. ಒಣಗದ ಬೀಜವನ್ನು ಫ್ರೀಜರಿಗೆ ಹಾಕುವುದು ಎರಡನೆಯದು. ಒಳಗಿನ ನೀರು ಮಂಜುಗಟ್ಟಿ ಬೀಜ ಹಾಳಾಗುತ್ತದೆ. ಫ್ರೀಜರಿನಿಂದ ತೆಗೆದ ತಕ್ಷಣ ಮುಚ್ಚಳ ತೆರೆಯುವುದು ಮೂರನೆಯದು. ತಣ್ಣನೆಯ ಬೀಜದ ಮೇಲೆ ಗಾಳಿಯ ತೇವ ಹನಿಗಟ್ಟುತ್ತದೆ. ಬಾಟಲಿ ಮುಟ್ಟಿದರೆ ತಣ್ಣಗೆ ಅನ್ನಿಸುವುದು ನಿಲ್ಲುವ ತನಕ ಕಾಯಿರಿ.

ಸೊಂಡಿಲು ಹುಳುವಿನ ಕಾಟಕ್ಕೂ ಒಣಗಿಸುವುದೇ ಅರ್ಧ ಮದ್ದು. ಚೆನ್ನಾಗಿ ಒಣಗಿದ ಬೀಜವನ್ನು ಎರಡು ವಾರ ಫ್ರೀಜರಿನಲ್ಲಿಟ್ಟರೆ ಮೊಟ್ಟೆ ಸಮೇತ ಸಾಯುತ್ತವೆ.

9. ಇನ್ನೊಬ್ಬರ ಕೈಗೆ ಕೊಡಿ

ಎಷ್ಟೇ ಜೋಪಾನ ಮಾಡಿದರೂ ಒಂದೇ ಕಡೆ ಇರುವ ಬೀಜ ಯಾವತ್ತೂ ಅಪಾಯದಲ್ಲೇ ಇದೆ. ಸಿರಿಯಾದ ಅಲೆಪ್ಪೊ ಹತ್ತಿರ ಇಕಾರ್ಡಾ ಅನ್ನುವ ಅಂತರರಾಷ್ಟ್ರೀಯ ಕೃಷಿ ಸಂಶೋಧನಾ ಸಂಸ್ಥೆಯ ದೊಡ್ಡ ಬೀಜ ಭಂಡಾರ ಇತ್ತು. ಯುದ್ಧದಿಂದ ಅಲ್ಲಿ ಕೆಲಸ ಮಾಡುವುದೇ ಕಷ್ಟವಾಯಿತು. ಆದರೆ ಅವರು 2008ರಲ್ಲಿ ಶುರುವಾದ ನಾರ್ವೆಯ ಸ್ವಾಲ್ಬಾರ್ಡ್ ಬೀಜ ಕಣಜದಲ್ಲಿ ಪ್ರತಿ ಇಟ್ಟಿದ್ದರು. 2015ರಲ್ಲಿ ಅದನ್ನು ವಾಪಸ್ ತೆಗೆದುಕೊಂಡು ಲೆಬನಾನ್ ಮತ್ತು ಮೊರಾಕ್ಕೋದಲ್ಲಿ ಮತ್ತೆ ಬಿತ್ತಿ ಬೆಳೆಸಿದರು. ದೊಡ್ಡವರಿಗೇ ಹೀಗಾದರೆ ನಮ್ಮ ಅಟ್ಟದ ಡಬ್ಬಿಯ ಗತಿ?

ಕನಿಷ್ಠ ಮೂರು ಕಡೆ ಇರಲಿ. ನಿಮ್ಮ ಹತ್ತಿರ ಒಂದು, ಬೇರೆ ಬಗೆಯ ಮಣ್ಣಿರುವ ಇನ್ನೊಬ್ಬ ರೈತರ ಹತ್ತಿರ ಒಂದು, ಸಾಧ್ಯವಾದರೆ ಜೀನ್ ಬ್ಯಾಂಕಿನಲ್ಲಿ ಒಂದು. ಜೀನ್ ಬ್ಯಾಂಕ್ ಅಂದರೆ ಬೀಜವನ್ನು ಒಣಗಿಸಿ ಮೈನಸ್ 18 ಡಿಗ್ರಿಯಲ್ಲಿ ದಶಕಗಟ್ಟಲೆ ಕಾಪಾಡುವ ಸಂಸ್ಥೆ. ಅಲ್ಲಿ ಬೀಜ ಉಳಿಯುತ್ತದೆ, ಆದರೆ ಬದಲಾಗುವ ಮಳೆ, ಹೊಸ ರೋಗದ ಜೊತೆ ಹೊಂದಿಕೊಳ್ಳುವುದನ್ನು ಕಲಿಯುವುದಿಲ್ಲ. ಅದು ಹೊಲದಲ್ಲಿ ಮಾತ್ರ ಆಗುವ ಕೆಲಸ. ಹಾಗಾಗಿ ಜೀನ್ ಬ್ಯಾಂಕಿಗೆ ಕೊಟ್ಟ ಮೇಲೆ ಬೆಳೆಯುವುದನ್ನು ನಿಲ್ಲಿಸಬೇಡಿ.

ಕೊಡುವಾಗ ನೋಟ್‌ಬುಕ್ಕಿನ ಪ್ರತಿಯನ್ನೂ ಕೊಡಿ. ಅವರು ಕೊಡುವ ಅಕ್ಸೆಶನ್ ನಂಬರ್, ಅಂದರೆ ಆ ಮಾದರಿಯ ಗುರುತಿನ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಬೀಜ ಯಾರಿಗೆ, ಯಾವ ಷರತ್ತಿನ ಮೇಲೆ ಹೋಗುತ್ತದೆ ಅಂತ ಕೇಳಿ. 2001ರಲ್ಲಿ ಒಪ್ಪಿ 2004ರಲ್ಲಿ ಜಾರಿಗೆ ಬಂದ ಅಂತರರಾಷ್ಟ್ರೀಯ ಸಸ್ಯ ತಳಿ ಸಂಪನ್ಮೂಲ ಒಪ್ಪಂದದ ಪಟ್ಟಿಯಲ್ಲಿ ಗೋಧಿಯೂ ಇದೆ. ಅದರ ಅಡಿಯಲ್ಲಿ ಬೀಜ ಪಡೆದವರು, ಪಡೆದ ರೂಪದಲ್ಲೇ ಅದರ ಮೇಲೆ ಹಕ್ಕು ಸಾಧಿಸಿ ಬೇರೆಯವರಿಗೆ ಸಿಗದ ಹಾಗೆ ಮಾಡುವಂತಿಲ್ಲ.

ಹಂಚುವುದು ಬೇರೆ, ಮಾರುವುದು ಬೇರೆ. ಬೀಜದ ಕಾನೂನು ದೇಶದಿಂದ ದೇಶಕ್ಕೆ ಬದಲಾಗುತ್ತದೆ. ಭಾರತದ 2001ರ ಸಸ್ಯ ತಳಿ ಮತ್ತು ರೈತರ ಹಕ್ಕುಗಳ ಕಾಯ್ದೆಯಲ್ಲಿ ರೈತರು ಬೀಜ ಇಟ್ಟುಕೊಳ್ಳಬಹುದು, ಬಿತ್ತಬಹುದು, ಹಂಚಬಹುದು, ಮಾರಲೂಬಹುದು. ಆದರೆ ಸಂರಕ್ಷಿತ ತಳಿಯ ಬೀಜವನ್ನು ಬ್ರ್ಯಾಂಡ್ ಹೆಸರಿನಲ್ಲಿ ಮಾರುವಂತಿಲ್ಲ. ಯುರೋಪಿನ ಒಕ್ಕೂಟದಲ್ಲಿ ಇಂಥ ತಳಿಗಳ ಮಾರಾಟಕ್ಕೆ 2008ರಿಂದ ಪ್ರತ್ಯೇಕ ನಿಯಮ ಇದೆ. ದೇಶದ ಗಡಿ ದಾಟಿಸುವ ಬೀಜಕ್ಕೆ ರೋಗಮುಕ್ತ ಪ್ರಮಾಣಪತ್ರ ಬೇಕು. ಪ್ರೀತಿಯಿಂದ ಲಕೋಟೆಯಲ್ಲಿ ಹಾಕಿ ಕಳಿಸುವುದು ಒಳ್ಳೆಯ ಕೆಲಸವಲ್ಲ, ಜೊತೆಗೆ ರೋಗವೂ ಪ್ರಯಾಣ ಮಾಡುತ್ತದೆ.

ಇನ್ನೂ ಕೆಲವರು ಕೇಳಿದ್ದು

"ಹಳೆಯ ಗೋಧಿಯಲ್ಲಿ ಗ್ಲುಟೆನ್ ಇಲ್ಲವಂತೆ, ಹೌದಾ?" ಇಲ್ಲ. ಎಮ್ಮರ್, ಐನ್‌ಕಾರ್ನ್ ಸೇರಿದಂತೆ ಎಲ್ಲ ಗೋಧಿಯಲ್ಲೂ ಗ್ಲುಟೆನ್ ಇದೆ. ಸೀಲಿಯಾಕ್ ಕಾಯಿಲೆ ಇರುವವರು, ಅಂದರೆ ಗ್ಲುಟೆನ್ ತಿಂದರೆ ಕರುಳಿಗೆ ಹಾನಿಯಾಗುವವರು, ಯಾವ ಗೋಧಿಯನ್ನೂ ತಿನ್ನುವಂತಿಲ್ಲ. ತಳಿ ಮಾರುವ ಹುರುಪಿನಲ್ಲಿ ಇಂಥ ಸುಳ್ಳು ಹೇಳಬೇಡಿ.

"ನನ್ನ ಹತ್ತಿರ ಐದು ತಳಿ ಇದೆ, ಪ್ರತಿ ವರ್ಷ ಐದನ್ನೂ ಬೆಳೆಯಬೇಕಾ?" ಬೇಡ. ವರ್ಷಕ್ಕೆ ಎರಡೆರಡು ಬೆಳೆಯಿರಿ, ಉಳಿದದ್ದು ಚೆನ್ನಾಗಿ ಒಣಗಿ ಬಾಟಲಿಯಲ್ಲಿರಲಿ. ಬಾಟಲಿಯ ಬೀಜವನ್ನು ವರ್ಷಕ್ಕೊಮ್ಮೆ 20 ಕಾಳು ತೆಗೆದು ಮೊಳಕೆ ನೋಡಿ. 17ಕ್ಕಿಂತ ಕಡಿಮೆ ಬಂದರೆ ಮುಂದಿನ ಸರದಿ ಅದರದ್ದು.

"ಐದನ್ನೂ ಬೆರೆಸಿ ಬಿತ್ತಿದರೆ?" ಊಟದ ಗೋಧಿಗೆ ಬೇಕಾದರೆ ಬೆರೆಸಿ. ರೋಗ, ಬರ ಬಂದಾಗ ಮಿಶ್ರಣ ಒಂದಿಷ್ಟಾದರೂ ಕೈಗೆ ಕೊಡುತ್ತದೆ. ಆದರೆ ಬೆರೆಸಿದ್ದನ್ನು ಮತ್ತೆ ಬೇರ್ಪಡಿಸಲು ಆಗುವುದಿಲ್ಲ, ಆದ್ದರಿಂದ ಬೀಜದ ಮಡಿಗಳು ಬೇರೆಯೇ ಇರಲಿ.

"ಚೀಟಿ ಅಂಟಿಸಿದ್ದೆ, ಇಲಿ ತಿಂದುಬಿಟ್ಟಿದೆ, ಯಾವುದು ಯಾವುದು ಅಂತ ಗೊತ್ತಾಗುತ್ತಿಲ್ಲ." ಇದನ್ನು ಹೇಳಿದವರು ಒಬ್ಬಿಬ್ಬರಲ್ಲ. ಚೀಟಿ ಯಾವಾಗಲೂ ಎರಡು ಬರೆಯಿರಿ, ಪೆನ್ಸಿಲ್ಲಿನಲ್ಲಿ. ಒಂದು ಬಾಟಲಿಯ ಹೊರಗೆ, ಒಂದು ಒಳಗೆ ಬೀಜದ ಜೊತೆ. ತಳಿಯ ಹೆಸರು, ಕೊಟ್ಟವರು, ಬೆಳೆದ ವರ್ಷ, ಎಷ್ಟು ತೆನೆಯಿಂದ ತೆಗೆದದ್ದು, ಕೊನೆಯ ಮೊಳಕೆ ಪರೀಕ್ಷೆಯಲ್ಲಿ ಎಷ್ಟು ಬಂತು. ಈ ಐದೂ ಇರಲಿ.